ಕಾಲಿನ ನೀಲಿ ಗೆರೆಗೆ ಸೂಜಿ ಹಾಕಿಸಿಕೊಳ್ಳುವ ಮುಂಚೆ

ತೊಡೆ ಪಕ್ಕ, ಮಂಡಿ ಹಿಂದೆ ನೂಲಿನಂಥ ಕೆಂಪು, ನೀಲಿ ಗೆರೆ ಕಂಡ ಕೂಡಲೇ ಕ್ರೀಮ್ ಕೊಳ್ಳಬೇಡಿ. ಅವು ಚರ್ಮದಡಿಯ ಸಣ್ಣ ರಕ್ತನಾಳಗಳು, ಮೇಲೆ ಹಚ್ಚಿದ್ದರಿಂದ ಮುಚ್ಚುವುದಿಲ್ಲ. ದುಡ್ಡು ದಂಡ ಅಷ್ಟೇ.

ಮೊದಲು ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ತೋರಿಸುವ ಅಲ್ಟ್ರಾಸೌಂಡ್ ಮಾಡಿಸಿ, ಅದೂ ನಿಂತುಕೊಂಡು. 1 ಮಿಲಿಮೀಟರಿಗಿಂತ ಸಣ್ಣ ಗೆರೆಗಳು ಸಾಮಾನ್ಯವಾಗಿ ಬರೀ ಅಂದಚಂದದ ವಿಷಯ. ಆದರೆ ಸಂಜೆ ಹೊತ್ತಿಗೆ ಕಾಲು ಭಾರ ಆಗುವುದು, ಪಾದ ಊದುವುದು, ಹುರಿಯಂತೆ ನರ ಉಬ್ಬುವುದು ಇದ್ದರೆ ಒಳಗಿನ ದೊಡ್ಡ ನಾಳದ ಕವಾಟ ಸೋರುತ್ತಿರಬಹುದು. ಅದನ್ನು ಬಿಟ್ಟು ಗೆರೆ ಅಳಿಸಲು ಹೋಗುವುದು, ಸೂರು ಸೋರುವಾಗ ಗೋಡೆಗೆ ಸುಣ್ಣ ಬಳಿದ ಹಾಗೆ. ನಾನು ಮೊದಲು ಹೋದ ಕಡೆ ಸ್ಕ್ಯಾನ್ ಮಾತೇ ಎತ್ತದೆ ಸೀದಾ ಲೇಸರ್ ಪ್ಯಾಕೇಜ್ ರೇಟು ಹೇಳಿದರು. ಎದ್ದು ಬಂದೆ.

ಲೇಸರ್ ಕೆಟ್ಟದ್ದಂತಲ್ಲ. ನಮ್ಮ ಕಂದು ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ, ಸುಟ್ಟು ಕಲೆ ಬೀಳಬಹುದು, ಹಾಗಾಗಿ ಮಾಡಿಸುವುದೇ ಆದರೆ ಚರ್ಮದ ಬಣ್ಣ ಕಡಿಮೆ ಹೀರುವ, 1064 ನ್ಯಾನೋಮೀಟರ್ ತರಂಗದ ಎನ್‌ಡಿ ಯಾಗ್ ಲೇಸರ್ ಇದೆಯಾ ಅಂತ ಕೇಳಿ. ಕಾಲಿಗೆ ಮಾತ್ರ ನನ್ನ ಓಟು ಸೂಜಿಗೇ, ಅಂದರೆ ಸ್ಕ್ಲೆರೋಥೆರಪಿಗೆ.

ಕೂದಲೆಳೆಯಂಥ ಸೂಜಿಯಲ್ಲಿ ನಾಳವನ್ನು ಮುಚ್ಚಿಸುವ ಪಾಲಿಡೋಕೆನಾಲ್ ಅನ್ನೋ ಔಷಧಿ ಬಿಡುತ್ತಾರೆ. ಇರುವೆ ಕಚ್ಚಿದಷ್ಟು ನೋವು. ನೋಡನೋಡುತ್ತಲೇ ಗೆರೆಯ ಕವಲುಗಳು ಒಂದೊಂದೇ ಬೆಳ್ಳಗಾಗುತ್ತವೆ, ಸ್ವಲ್ಪ ಹೊತ್ತಿಗೆ ಸೊಳ್ಳೆ ಕಚ್ಚಿದ ಹಾಗೆ ದದ್ದು ಏಳುತ್ತದೆ, ಗಾಬರಿ ಬೇಡ. ಗರ್ಭಿಣಿಯರು ಕಾಯಬೇಕು, ಹೆರಿಗೆಯಾದ ಮೇಲೆ ಎಷ್ಟೋ ಗೆರೆಗಳು ತಾವಾಗೇ ಮಾಸುತ್ತವೆ. ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮೊದಲೇ ಹೇಳಿ.

ಮುಗಿದ ಕೂಡಲೇ ಮಲಗಬೇಡಿ, ಅರ್ಧ ಗಂಟೆ ನಡೆಯಿರಿ. ಬಿಗಿ ಸ್ಟಾಕಿಂಗ್ಸನ್ನು ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆಯೇ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಎಳೆಯಿರಿ, ಸಲೀಸಾಗಿ ಏರುತ್ತದೆ. ಎಷ್ಟು ದಿನ ಅಂತ ಡಾಕ್ಟರು ಹೇಳುತ್ತಾರೆ. ಬಿಸಿಲು, ಸೌನಾ, ದೂರದ ವಿಮಾನ ಪ್ರಯಾಣ ಸದ್ಯಕ್ಕೆ ಬೇಡ. ಮೀನಖಂಡ ಊದಿ ನೋಯ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಉಸಿರು ಕಟ್ಟಿದರಂತೂ ಒಂದು ಕ್ಷಣವೂ ತಡಮಾಡಬೇಡಿ.

ಒಂದೇ ಸಲಕ್ಕೆ ಹೋಗಲ್ಲ. ನಾಲ್ಕರಿಂದ ಆರು ವಾರ ಬಿಟ್ಟು ಮತ್ತೆ ಸೂಜಿ. ಚುಚ್ಚಿದ ಕಡೆ ಕಂದು ಕಲೆ ಉಳಿಯುವುದು ನಮ್ಮ ಬಣ್ಣದವರಲ್ಲಿ ಜಾಸ್ತಿ, ಮಾಸಲು ಆರು ತಿಂಗಳು, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಮುಂದಿನ ತಿಂಗಳ ಗೋವಾ ಟ್ರಿಪ್ಪಿಗೆ ಅಂತ ಈ ವಾರ ಮಾಡಿಸಿಕೊಂಡರೆ ಫೋಟೋದಲ್ಲಿ ನೀಲಿ ಗೆರೆ ಬದಲು ಕಂದು ಪಟ್ಟೆ ಕಾಣುತ್ತದೆ, ಅಲ್ವಾ? ಟ್ರಿಪ್ಪು ಮುಗಿಸಿ ಬಂದೇ ಹೋಗಿ.