ಏಳು ವೀರರು ನಾಲ್ವರಾದ ಬಗೆ

ಸೂಪರ್‌ಹೀರೋಗಳ ತಂಡದ ಸಿನಿಮಾ ಎಂದರೆ ಗ್ರಾಫಿಕ್ಸೇ ಕಷ್ಟ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಕಷ್ಟದ್ದು, ಯಾರು ಇರಬೇಕು, ಯಾಕೆ ಇರಬೇಕು, ಒಬ್ಬರು ಮಾತಾಡುವಾಗ ಉಳಿದವರು ಏನು ಮಾಡುತ್ತಿರಬೇಕು ಎಂಬುದು.

ಶಿರಸಿಯ ನಾವು ಕೆಲವು ಗೆಳೆಯರು ಬರೆದು, ಚಿತ್ರ ಬಿಡಿಸಿದ ಕಾಮಿಕ್ಸಿನಲ್ಲಿ ಏಳು ವೀರರಿದ್ದರು. ಅದನ್ನೇ ಅರ್ಧ ಗಂಟೆಯ ಚಿತ್ರ ಮಾಡಲು ಹೊರಟೆವು. ಕಾಮಿಕ್ಸಿನ ಪುಟದಲ್ಲಿ ಏಳೂ ಜನ ಒಟ್ಟಿಗೆ ನಿಲ್ಲಬಹುದು, ಓದುವವರು ತಮಗೆ ಬೇಕಾದ ಮುಖದ ಮೇಲೆ ಬೇಕಾದಷ್ಟು ಹೊತ್ತು ಕಣ್ಣಿಡುತ್ತಾರೆ. ಸಿನಿಮಾದಲ್ಲಿ ಆ ಹೊತ್ತನ್ನು ಹಂಚಬೇಕಾದವರು ನಾವು.

1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಹೊರತಂದ ‘ದಿ ಅವೆಂಜರ್ಸ್’ ಕಾಮಿಕ್ಸಿನ ಮೊದಲ ಸಂಚಿಕೆಯ ತಂಡದಲ್ಲಿ ಆಂಟ್‌ಮ್ಯಾನ್, ವಾಸ್ಪ್ ಇದ್ದರು. ಕ್ಯಾಪ್ಟನ್ ಅಮೆರಿಕ ಬಂದದ್ದು ನಾಲ್ಕನೇ ಸಂಚಿಕೆಗೆ. 2012ರ ಸಿನಿಮಾದ ತಂಡದಲ್ಲಿ ಆ ಮೊದಲಿನ ಇಬ್ಬರೂ ಇಲ್ಲ, ಬ್ಲ್ಯಾಕ್ ವಿಡೋ ಮತ್ತು ಹಾಕ್‌ಐ ಇದ್ದಾರೆ. ಅಷ್ಟು ದೊಡ್ಡವರೇ ಮೂಲದ ಪಟ್ಟಿಗೆ ಕಟ್ಟುಬೀಳಲಿಲ್ಲ ಎಂಬುದು ನಮಗೆ ಧೈರ್ಯ ಕೊಟ್ಟಿತು. ಪ್ರತಿಯೊಬ್ಬರ ಬಗ್ಗೆಯೂ ಒಂದೇ ಪ್ರಶ್ನೆ ಹಾಕಿದೆವು: ಇವರ ಕೆಲಸವನ್ನು ಇನ್ನೊಬ್ಬರು ಮಾಡಬಲ್ಲರೇ? ಗಾಳಿಯಂತೆ ಓಡುವ ಹುಡುಗ ಹೀಗೆ ಹೊರಗುಳಿದ. ಬೇರು-ನಾರು ಬಲ್ಲ ಅಜ್ಜಿ ನನಗೆ ಎಲ್ಲರಿಗಿಂತ ಪ್ರೀತಿಯವಳು. ಆದರೆ ಅವಳಿಗೆ ನಿಧಾನ ಬೇಕು, ಹೊಡೆದಾಟದ ನಡುವೆ ಅವಳನ್ನು ಅವಸರಿಸಲು ಮನಸ್ಸು ಬರಲಿಲ್ಲ. ಅವಳ ಕಥೆಯನ್ನು ಬೇರೆಯಾಗಿಯೇ ಮಾಡುತ್ತೇನೆ.

ಕೊನೆಗೆ ಉಳಿದವರು ನಾಲ್ವರು. ಅಡಿಕೆ ಕೊನೆ ಕೊಯ್ಯುತ್ತ ಮರದಿಂದ ಮರಕ್ಕೆ ದಾಟುವ ಕೊನೆಗೌಡ, ಉಬ್ಬರ-ಇಳಿತ ತನ್ನ ಮಾತು ಕೇಳುವಂತೆ ಮಾಡಬಲ್ಲ ಕಾರವಾರದ ಮೀನುಗಾರ ಹೆಂಗಸು, ಡೋಲಿನ ಬಡಿತದಿಂದ ಬಂಡೆ ನಡುಗಿಸುವ ಯಲ್ಲಾಪುರದ ಸಿದ್ದಿ ಯುವಕ, ಮತ್ತು ಗುಡ್ಡ ಜಾರುವ ಮೊದಲೇ ಅದರ ಸದ್ದು ಕೇಳಬಲ್ಲ ಕೊಂಕಣ ರೈಲಿನ ಮಳೆಗಾಲದ ಗಸ್ತಿನವ. ಎದುರಾಳಿ ಬರುವುದು ಗುಡ್ಡದ ಒಳಗಿನಿಂದ. ಹಾಗಾಗಿ ಗಸ್ತಿನವನಿಲ್ಲದೆ ಕಥೆ ಶುರುವೇ ಆಗದು.

ಇವರನ್ನು ಪರಿಚಯಿಸುವ ದಾರಿ ನಮ್ಮ ಊರಿನಲ್ಲೇ ಇತ್ತು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಸೀಮೆಯಲ್ಲಿ ಯಕ್ಷಗಾನದ ಆಟ ನೋಡುತ್ತ ಬೆಳೆದವರಿಗೆ ಒಡ್ಡೋಲಗ, ಅಂದರೆ ಪಾತ್ರಗಳು ಮೊದಲ ಸಲ ರಂಗಕ್ಕೆ ಬರುವ ಬಗೆ, ಹೊಸತಲ್ಲ. ಪಾಂಡವರ ಒಡ್ಡೋಲಗದಲ್ಲಿ ಐವರೂ ಒಮ್ಮೆಲೇ ಮುಖ ತೋರಿಸುವುದಿಲ್ಲ. ತೆರೆಯ ಹಿಂದಿನಿಂದ ಗೆಜ್ಜೆ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಕುಣಿತದಲ್ಲೇ ಆಳು ಎಂಥವನು ಎಂದು ಗೊತ್ತಾಗುತ್ತದೆ. ಆಮೇಲಷ್ಟೇ ಭಾಗವತರು ‘ತಾವು ಯಾರು’ ಎಂದು ಕೇಳುವುದು. ಎಳೆಯ ವೀರರ ಪುಂಡುವೇಷದ ತಲೆಯುಡುಗೆಯಾದ ಕೇದಗೆ ಮುಂದಲೆಯನ್ನು ದೂರದಿಂದ ನೋಡಿದರೂ ಸಾಕು, ಮಕ್ಕಳೂ ಗುರುತು ಹಿಡಿಯುತ್ತಾರೆ. ನಾವು ನಾಲ್ವರಿಗೂ ಒಂದೊಂದು ಆಕಾರ, ಒಂದೊಂದು ಸದ್ದು ಕೊಟ್ಟೆವು: ಉದ್ದದ ದೋಟಿ, ತಲೆಯ ಮೇಲಿನ ಮೀನಿನ ಬುಟ್ಟಿ, ಡೋಲು, ಗಸ್ತಿನವನ ಕೈದೀಪ. ಹೆಸರು ಹೇಳುವ ಮೊದಲೇ ನೋಡುವವರಿಗೆ ನಾಲ್ವರೂ ಬೇರೆ ಬೇರೆ ಆಗಿರಬೇಕು.

ಚೌಕಟ್ಟಿನ ಅಳತೆಗೂ 2012ರ ಆ ‘ಅವೆಂಜರ್ಸ್’ ಸಿನಿಮಾದ ಛಾಯಾಗ್ರಾಹಕ ಸೀಮಸ್ ಮೆಕ್‌ಗಾರ್ವೆ ಅವರ ದಾರಿ ಹಿಡಿದೆವು. ಇಂಥ ಚಿತ್ರಗಳಿಗೆ ಅಗಲವಾದ 2.39:1 ಚೌಕಟ್ಟು ರೂಢಿ. ಅವರು ಅಗಲ ಕಡಿಮೆ, ಎತ್ತರ ಹೆಚ್ಚು ಇರುವ 1.85:1 ಆರಿಸಿಕೊಂಡರು, ಯಾಕೆಂದರೆ ಹಲ್ಕ್‌ನಂಥ ದೈತ್ಯನೂ ಉಳಿದವರೂ ಒಂದೇ ಶಾಟಿನಲ್ಲಿ ನಿಲ್ಲಬೇಕಿತ್ತು. ನಮ್ಮಲ್ಲಿ ಒಬ್ಬ ಅಡಿಕೆ ಮರದ ತುದಿಯಲ್ಲಿ, ಮೂವರು ತೋಟದ ನೆಲದಲ್ಲಿ. ಅಗಲದ ಚೌಕಟ್ಟಿನಲ್ಲಿ ನಾಲ್ವರನ್ನೂ ಹಿಡಿಯಲು ಹಿಂದೆ ಸರಿದಷ್ಟೂ ಮುಖಗಳು ಸಣ್ಣವಾಗುತ್ತವೆ. ಯಾಣದ 120 ಮೀಟರಿನ ಭೈರವೇಶ್ವರ ಶಿಖರವನ್ನು ಹಿನ್ನೆಲೆಯಾಗಿ ಯೋಚಿಸಿದಾಗಲಂತೂ ಬೇರೆ ಮಾತೇ ಇರಲಿಲ್ಲ.

ಮರ ದಾಟುವ ದೃಶ್ಯಕ್ಕೆ ನಮ್ಮ ತೋಟಕ್ಕೆ ಬರುವ ಕೊನೆಗೌಡರನ್ನೇ ಕೇಳಿದೆ. ಅವರು ಹೇಳಿದ್ದು ಹೀಗೆ: “ಹೆಗ್ಡೇರೆ, ಮರ ಬಗ್ಗೂದು ಮೊದ್ಲು, ನಾವ್ ದಾಟೂದು ಆಮೇಲೆ.” ಅವರು ಹಾರುವುದೇ ಇಲ್ಲ. ಮೈಭಾರದಿಂದ ಮರವನ್ನು ತೂಗಿ, ಪಕ್ಕದ ಮರ ಕೈಗೆ ಬಂದಾಗ ಹಿಡಿದು, ಮೊದಲಿನದನ್ನು ಬಿಡುತ್ತಾರೆ. ನಮ್ಮ ವೀರನ ಶಕ್ತಿಯನ್ನು ಇದರ ಮೇಲೆಯೇ ಕಟ್ಟಿದೆವು. ಮರ ಎಷ್ಟು ಬಗ್ಗುತ್ತದೋ ಅಷ್ಟು ದೂರ ಅವನು ಹೋಗಬಲ್ಲ. ದೂರದ ಶಾಟುಗಳಲ್ಲಿ ಅವರೇ ಇದ್ದಾರೆ. ನಟನನ್ನು ಹತ್ತಿರದಿಂದ ತೋರಿಸಲು ಆಳೆತ್ತರದ ಅಡಿಕೆ ಕಾಂಡ ನೆಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ತೆಗೆದೆವು. ಹಗ್ಗವನ್ನು ಆಮೇಲೆ ಬ್ಲೆಂಡರ್ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲಿ ಅಳಿಸಿದೆವು. ಭಾರ ಇರುವ ಚಲನೆಯನ್ನು ಕಣ್ಣು ನಂಬುತ್ತದೆ, ಇದರಲ್ಲಿ ನನಗೆ ಸಂಶಯವಿಲ್ಲ.

ಕೊನೆಯ ಹೊಡೆದಾಟ ಅಂಕೋಲೆಯ ಕಡೆಯ ಕಡಲ ದಂಡೆಯಲ್ಲಿ. ಕಾರವಾರದ ನೌಕಾನೆಲೆಯ ಆಸುಪಾಸು ಡ್ರೋನ್ ಹಾರಿಸುವಂತಿಲ್ಲ, ಹಾಗಾಗಿ ಕ್ಯಾಮೆರಾ ಬಂಡೆಯ ಮೇಲೇ ಉಳಿಯಿತು. ನಮ್ಮ ಕಡಲು ಪಡುವಣಕ್ಕಿರುವುದರಿಂದ ಸಂಜೆ ಬೆಳಕು ಹಿಂದಿನಿಂದ ಬಂದು ಆ ನಾಲ್ಕು ಆಕಾರಗಳೂ ಕಪ್ಪಾಗಿ ಎದ್ದು ಕಾಣುತ್ತವೆ. ತಲೆನೋವು ಉಬ್ಬರದ್ದು. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆ ಒಣಗಿದ್ದ ಮರಳು ಇವತ್ತು ಅದೇ ಹೊತ್ತಿಗೆ ಒದ್ದೆ. ಉಬ್ಬರದ ಪಟ್ಟಿ ನೋಡಿಯೇ ಶಾಟುಗಳ ಸರದಿ ಬರೆದೆವು. ಮೀನುಗಾರ ಹೆಂಗಸಿನ ದೃಶ್ಯಗಳಿಗೆ ಏರುವ ನೀರು, ಉಳಿದವರದಕ್ಕೆ ಇಳಿದ ನೀರು.

ಹೊಡೆದಾಟವನ್ನು ಕತ್ತರಿಸಿ ಕತ್ತರಿಸಿ ತೋರಿಸಿದರೆ ನಾಲ್ಕು ಜನ ಇರುತ್ತಾರೆ, ತಂಡ ಇರುವುದಿಲ್ಲ. ಒಬ್ಬರ ಕೆಲಸ ಮುಗಿಯುವಲ್ಲೇ ಇನ್ನೊಬ್ಬರದು ಹುಟ್ಟಬೇಕು. ಗಸ್ತಿನವ ದೀಪ ಎತ್ತುತ್ತಾನೆ, ಡೋಲು ಬಡಿಯುತ್ತದೆ, ಬಂಡೆ ಸೀಳುತ್ತದೆ, ಸೀಳಿನಲ್ಲಿ ನೀರು ನುಗ್ಗುತ್ತದೆ, ಮೇಲಿನಿಂದ ಕೊನೆಗೌಡ ಇಳಿಯುತ್ತಾನೆ. ಒಂದೇ ಶಾಟ್ ಎಂದು ಕಾಣುವ ಇದು ಹಲವು ತುಂಡುಗಳ ಜೋಡಣೆ, ಕ್ಯಾಮೆರಾ ಸರ್ರನೆ ತಿರುಗುವ ಜಾಗಗಳಲ್ಲಿ ಹೊಲಿಗೆ ಅಡಗಿದೆ.

ಮಾತಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ನಾಲ್ವರೂ ತಂತಮ್ಮ ಕನ್ನಡವನ್ನೇ ಆಡುತ್ತಾರೆ. ಕಾರವಾರದವಳ ಮಾತಿನಲ್ಲಿ ಕೊಂಕಣಿ ಬೆರೆಯುತ್ತದೆ, ಕೋಪ ಬಂದಾಗ ಪೂರ್ತಿ ಕೊಂಕಣಿಯೇ. ಬೆಂಗಳೂರಿನ ಗೆಳೆಯರು ಅರ್ಥವಾಗದು ಎಂದಾಗ ಅಡಿಬರಹ ಹಾಕಿದೆವು, ಸಂಭಾಷಣೆ ಮುಟ್ಟಲಿಲ್ಲ.