ರಾಗದ ಹೆಸರು ಆಮೇಲೆ ಹೇಳೋಣ

ನನಗೆ ಆಗ 23 ವರ್ಷ. ಕಲಬುರಗಿಯಲ್ಲಿ ಒಂದು ರಾತ್ರಿ ಹಿಂದುಸ್ತಾನಿ ಸಂಗೀತದ ಕಛೇರಿಗೆ ಹೋಗಿದ್ದೆ. ಗಾಯಕರು ಹದಿನಾರು ಎಣಿಕೆಯ ತೀನ್‌ತಾಲದಲ್ಲಿ ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ಎತ್ತಿಕೊಂಡಿದ್ದರು. ಖುಷಿಯಲ್ಲಿ ನಾನು ತೊಡೆಯ ಮೇಲೆ ಕೈ ತಟ್ಟುತ್ತಾ ಕುಳಿತಿದ್ದೆ, ಅದೂ ಜೋರಾಗಿ ಏನಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ, "ತಾಳ ಗೊತ್ತಿಲ್ಲಂದ್ರ ಸುಮ್ಕ ಕುಂದ್ರಬೇಕ್ರೀ, ಇದು ಭಜನಿ ಅಲ್ಲ" ಅಂದರು. ಪಕ್ಕದಲ್ಲಿದ್ದವರು ನಕ್ಕರು. ನಾನು ಕೈ ಮಡಚಿಕೊಂಡೆ. ಆಮೇಲೆ ಆ ಗಾಯಕರು ಏನು ಹಾಡಿದರೋ ಒಂದೂ ನೆನಪಿಲ್ಲ. ಎರಡು ವರ್ಷ ಯಾವ ಕಛೇರಿಗೂ ಕಾಲಿಡಲಿಲ್ಲ.

ನನಗೆ ಚುಚ್ಚಿದ್ದು ತಾಳದ ಮಾತಲ್ಲ, ಭಜನೆಯ ಮಾತು. ನಮ್ಮ ಮನೆಯಲ್ಲಿ ಸಂಗೀತ ಅಂದರೆ ಭಜನೆಯೇ. ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಕಾಕಾ ಭಜನೆ ಮೇಳಕ್ಕೆ ಪೇಟಿ (ಹಾರ್ಮೋನಿಯಂ) ನುಡಿಸುತ್ತಾರೆ. ಅಮಾವಾಸ್ಯೆ ರಾತ್ರಿ ಗುಡಿಯಲ್ಲಿ ಶರಣರ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ, ನಡುನಡುವೆ ಚಹಾ, ಹೀಗೆ ಬೆಳತನಕ ನಡೆಯುತ್ತಿತ್ತು. ನನ್ನ ಕಿವಿ ಬೆಳೆದದ್ದೇ ಅಲ್ಲಿ.

ಕಛೇರಿಗೆ ಹೋಗದಿದ್ದರೂ ಮನೆಯಲ್ಲಿ ಕೇಳುವುದನ್ನು ಬಿಡಲಿಲ್ಲ. ಹಟ ಬಂದಿತ್ತು. ಶಾಲೆಯ ಕೆಲಸ ಮುಗಿಸಿ ಬಂದು ದಿನಾ ಒಂದು ತಾಸು ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಕುಮಾರ ಗಂಧರ್ವ ಎಲ್ಲರನ್ನೂ ಕೇಳಿದೆ. ರಾಗ ಗುರುತಿಸುವುದು ಬಂತು, ಸಮ್, ಅಂದರೆ ತಾಳದ ಸುತ್ತಿನ ಮೊದಲ ಎಣಿಕೆ, ಎಲ್ಲಿ ಬೀಳುತ್ತದೆ ಅನ್ನುವುದು ತಿಳಿಯಿತು. ಆದರೆ ಅದರ ಜೊತೆಗೇ ನನಗೆ ಗೊತ್ತಾಗದ ಹಾಗೆ ಆ ಮುಂದಿನ ಸಾಲಿನ ಗುಣವೂ ನನ್ನೊಳಗೆ ಬಂದು ಕುಳಿತಿತ್ತು.

ಅದು ಗೊತ್ತಾಗಿದ್ದು ಕಾಕಾ ಒಂದು ಸಲ ಊರಿಂದ ಬಂದಾಗ. ಮನೆಯಲ್ಲಿ ಭೀಮಪಲಾಸ ರಾಗ ಹಾಕಿದ್ದೆ. ಸ್ವಲ್ಪ ಹೊತ್ತು ಕೇಳಿ ಅವರು, "ಯವ್ವಾ, ಇದು ನಮ್ಮ ಭಜನಿ ಧಾಟಿ ಇದ್ದಂಗ ಕೇಳ್ಲತ್ತದಲ್ಲ?" ಅಂದರು. ನಾನು ತಟ್ಟನೆ, "ಕಾಕಾ, ಅದು ಭಜನಿ ಅಲ್ರೀ, ಅದು ರಾಗ" ಅಂದುಬಿಟ್ಟೆ. ಅದೇ ಮಾತು! ಅದೇ ಧ್ವನಿ. ಕಾಕಾ ಏನೂ ಹೇಳಲಿಲ್ಲ. ಮೂಲೆಯಲ್ಲಿದ್ದ ನನ್ನ ಪೇಟಿ ಎಳೆದುಕೊಂಡು, ಕಾಳಿ ಎರಡರ (ಎರಡನೇ ಕಪ್ಪು ಮನೆಯ) ಶ್ರುತಿಯಲ್ಲಿ ತಮ್ಮ ಒಂದು ತತ್ವಪದ ನುಡಿಸಿದರು. ನಾನು ಬೆರಳುಗಳನ್ನೇ ನೋಡುತ್ತಾ ಕುಳಿತೆ. ಏರುವಾಗ ರಿ ಮುಟ್ಟಲಿಲ್ಲ, ಧ ಮುಟ್ಟಲಿಲ್ಲ, ಇಳಿಯುವಾಗ ಎರಡೂ ಬಂದವು, ಗ ಮತ್ತು ನಿ ಕೋಮಲ, ಮಧ್ಯಮದ ಮೇಲೆ ನಿಲ್ಲುವ ರೀತಿ ಕೂಡ ಸರಿಯಾಗಿ ಭೀಮಪಲಾಸದ್ದೇ. ಪುಸ್ತಕ ಓದಿ ನಾನು ಕಲಿತ ನಿಯಮ ಅವರ ಬೆರಳಲ್ಲಿ 40 ವರ್ಷದಿಂದ ಇತ್ತು, ಹೆಸರೊಂದು ಇರಲಿಲ್ಲ ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಾದ ಮೇಲೆ ನಮ್ಮ ಮನೆಯ ಮಾಳಿಗೆಯ ಮೇಲೆ ತಿಂಗಳಿಗೊಮ್ಮೆ ಎಲ್ಲರೂ ಕೂಡಿ ಕೇಳುವ ಬೈಠಕ್ ಶುರು ಮಾಡಿದೆ. ಕಲಾವಿದರನ್ನು ಕರೆಸುವಷ್ಟು ದುಡ್ಡು ನಮ್ಮಲ್ಲಿಲ್ಲ. ಒಂದು ಒಳ್ಳೆಯ ಸ್ಪೀಕರ್, ಎರಡು ಜಮಖಾನ, ಸುಸಲಾ, ಮಿರ್ಚಿ, ಚಹಾ. ನಮ್ಮಲ್ಲಿಯ ಬೇಸಿಗೆ ಗೊತ್ತಲ್ವಾ, ಹೊತ್ತು ಮುಳುಗಿ ಮಾಳಿಗೆ ಸ್ವಲ್ಪ ತಣ್ಣಗಾಗುವ ತನಕ ಯಾರೂ ಕೂಡುವ ಹಾಗಿಲ್ಲ, ಹಾಗಾಗಿ ರಾತ್ರಿ ಎಂಟಕ್ಕೆ ಶುರು.

ಮೊದಲ ಬೈಠಕ್ ಕೆಟ್ಟಿತು. ತಪ್ಪು ಪೂರ್ತಿ ನನ್ನದೇ. ಘರಾಣೆಗಳ, ಅಂದರೆ ಗಾಯನ ಪರಂಪರೆಗಳ, ಬಗ್ಗೆ ಅರ್ಧ ತಾಸು ಮಾತಾಡಿದೆ, ಆಮೇಲೆ 50 ನಿಮಿಷದ ವಿಲಂಬಿತ (ತೀರಾ ನಿಧಾನ ಲಯದ) ಖಯಾಲ್ ಹಾಕಿದೆ. ಹನ್ನೊಂದು ಜನ ಬಂದಿದ್ದರು, ಚಹಾ ಹೊತ್ತಿಗೆ ನಾಲ್ವರು ಎದ್ದು ಹೋದರು. ವಿಲಂಬಿತ ಏಕತಾಲದಲ್ಲಿ ಮಾತ್ರೆ (ಎಣಿಕೆ) ಇರುವುದು 12, ಆದರೆ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಹೊಸಬರಿಗೆ ಸಮ್ ಎಲ್ಲಿ ಹೋಯಿತು, ಎಲ್ಲಿ ಬಂತು ಅನ್ನುವುದೇ ಸಿಗುವುದಿಲ್ಲ. ಅವರು ಬೇಸತ್ತರೆ "ಇವರಿಗೆ ರುಚಿ ಇಲ್ಲ" ಅನ್ನುತ್ತೇವೆ. ಈಜು ಕಲಿಯಲು ಬಂದವರನ್ನು ತುಂಬಿದ ಬಾವಿಗೆ ನೂಕಿದ ಹಾಗಲ್ವಾ ಅದು?

ಎರಡನೇ ಸಲ ಮೂರೇ ನಿಮಿಷದ ಹಾಡಿನಿಂದ ಶುರು ಮಾಡಿದೆ. ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ. ಹಳೆಯ 78ರ ಗ್ರಾಮೋಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಅಷ್ಟು. ಹಾಡು ಮುಗಿದ ಮೇಲೆ ಒಂದೇ ಮಾತು ಹೇಳಿದೆ: ಈ ತಟ್ಟೆ ಕೇಳಿ ಹುಚ್ಚು ಹಿಡಿದ ಹುಡುಗನೊಬ್ಬ 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ಓಡಿದ. ಅವರೇ ಭೀಮಸೇನ ಜೋಶಿ. "ಇನ್ನೊಂದ್ಸಲ ಹಚ್ರೀ ಟೀಚರ್" ಅಂದರು ಹಿಂದೆ ಕುಳಿತವರು. ಆ ರಾತ್ರಿ ಅದನ್ನೇ ನಾಲ್ಕು ಸಲ ಕೇಳಿದೆವು.

ಅಲ್ಲಿಂದ ಕೆಲವು ಬದಲಾವಣೆ ಮಾಡಿದೆ. ಕುರ್ಚಿ ತೆಗೆಸಿದೆ, ಮೊಣಕಾಲು ನೋವಿದ್ದವರಿಗೆ ಗೋಡೆ ಪಕ್ಕ ಎರಡು ಬಿಟ್ಟು. ಕುರ್ಚಿ ಇದ್ದಾಗ ತಿಳಿದವರು ಮುಂದೆ, ಹೊಸಬರು ಬಾಗಿಲ ಹತ್ತಿರ ಕೂಡುತ್ತಿದ್ದರು, ಯಾರೂ ಹೇಳದೇ ಇದ್ದರೂ. ಇನ್ನೊಂದು, ರಾಗದ ಹೆಸರು ಹಾಡು ಮುಗಿಯುವ ತನಕ ಹೇಳುವ ಹಾಗಿಲ್ಲ, ತಿಳಿದವರೂ ಸಹ. ಇದು ತುಂಬಾ ಕೆಲಸ ಮಾಡಿತು. ಹೆಸರು ಮೊದಲೇ ಗೊತ್ತಾದರೆ ತಿಳಿದವರ ಕಿವಿ ತಪ್ಪು ಹುಡುಕಲು ಹೊರಡುತ್ತದೆ, ತಿಳಿಯದವರು ಹೆದರಿ ಬಾಯಿ ಮುಚ್ಚುತ್ತಾರೆ. ಹೆಸರು ಇಲ್ಲದಾಗ ಎಲ್ಲರೂ ಬರೀ ಹಾಡಿನ ಮುಂದೆ ಕೂಡುತ್ತಾರೆ. ಮಾಲ್‌ಕೌಂಸ್ ಕೇಳಿದ ರಾತ್ರಿ ನಮ್ಮ ಓಣಿಯ ಆಟೋ ನಡೆಸುವ ಭಾಯಿ, ಬಂದೇ ನವಾಜ್ ಉರುಸಿನಲ್ಲಿ ಚಿಕ್ಕಂದಿನಿಂದ ಖವ್ವಾಲಿ ಕೇಳಿದವರು, "ಇದ್ರಾಗ ಏನೋ ಒಂದು ಸ್ವರ ಇಲ್ರೀ, ಖಾಲಿ ಖಾಲಿ ಅನ್ನಿಸ್ತದ, ಆದ್ರ ಆ ಖಾಲಿನೇ ಚಲೋ ಅದ" ಅಂದರು. ಮಾಲ್‌ಕೌಂಸ್‌ನಲ್ಲಿ ರಿಷಭ, ಪಂಚಮ ಎರಡೂ ಇಲ್ಲ. ಶಾಸ್ತ್ರ ಗೊತ್ತಿದ್ದ ನಾವು ಯಾರೂ ಅದನ್ನು ಹಾಗೆ ಕೇಳಿರಲಿಲ್ಲ.

ತಾಳವನ್ನು ಓಣಿಯ ಭಜನಾ ಮಂಡಳಿಯ ಅಕ್ಕಂದಿರ ಕೈಯಲ್ಲೇ ಹೇಳಿಸಿದೆ. ಭಜನೆಯ ಠೇಕಾ (ತಬಲಾದ ಬಡಿತ) ಎಂಟು ಮಾತ್ರೆ, ಅದು ಅವರ ಮೈಯಲ್ಲೇ ಇದೆ. ಅದರ ಎರಡು ಪಟ್ಟು ಹಿಡಿದು 16 ಎಣಿಸಿ, ಒಂಬತ್ತಕ್ಕೆ ಕೈ ಬೀಸಿ ಖಾಲಿ (ತಟ್ಟದೆ ಬಿಡುವ ಮಾತ್ರೆ) ತೋರಿಸಿ, ಮತ್ತೆ ಒಂದಕ್ಕೆ ಬಂದು ತಟ್ಟಿ ಅಂದೆ. ಎರಡೇ ಬೈಠಕ್‌ನಲ್ಲಿ ತೀನ್‌ತಾಲ ಹಿಡಿದರು. ಸಮ್ ಬಂದಾಗ ಹತ್ತು ಕೈ ಒಟ್ಟಿಗೆ ತೊಡೆಯ ಮೇಲೆ ಬೀಳುವ ಸದ್ದು ಕೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಮೊದಲಿನಿಂದ ಬರುತ್ತಿದ್ದ ಹಿರಿಯರೊಬ್ಬರು, "ಭಜನಿ ಮಂದೀನ ಕರೆದು ಮಟ್ಟ ಇಳಿಸಿದ್ರಿ" ಅಂದು ಬರುವುದನ್ನೇ ನಿಲ್ಲಿಸಿಬಿಟ್ಟರು. ಮನೆಗೆ ಹೋಗಿ ಕರೆದೆ, ಬರಲಿಲ್ಲ. ನನಗೆ ಈಗಲೂ ಬೇಜಾರಿದೆ, ಯಾಕೆಂದರೆ ನನಗಿಂತ ಎಷ್ಟೋ ಜಾಸ್ತಿ ತಿಳಿದವರು ಅವರು. ಒಂದು ತಾಸು ಅಲುಗಾಡದೆ ಕೂತು ಕೇಳುವುದನ್ನು ನಾನು ಕಲಿತಿದ್ದು ಅವರನ್ನು ನೋಡಿಯೇ. ಅದನ್ನು ನಾವು ಬಿಟ್ಟಿಲ್ಲ. ಹಾಡು ನಡೆದಾಗ ಮೊಬೈಲ್ ಬಂದ್, ಮಾತು ಬಂದ್. ಸಲೀಸು ಮಾಡುತ್ತೇವೆ ಅಂತ ಹಾಡಿನ ಮರ್ಯಾದೆ ಕಳೆಯಬಾರದು, ಈ ಮಾತಿನಲ್ಲಿ ನಾನು ಅವರ ಕಡೆಯೇ.

ಆದರೆ ಮಟ್ಟದ ಮಾತು ಒಪ್ಪಲಾರೆ. ಕಿರಾಣಾ ಘರಾಣೆ ಕೇಳುವವರು, ಜೈಪುರ ಘರಾಣೆ ಕೇಳುವವರು ಅಂತ ನಾವು ಗೋಡೆ ಕಟ್ಟಿಕೊಳ್ಳುತ್ತೇವೆ. ಮನ್ಸೂರರು ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿದ್ದವರು. ನೀಲಕಂಠ ಬುವಾ ಅವರಿಂದ ಗ್ವಾಲಿಯರ್ ಗಾಯಕಿ ಕಲಿತು, ಆಮೇಲೆ ಮಂಜೀ ಖಾನ್, ಭೂರ್ಜೀ ಖಾನರ ಬಳಿ ಜೈಪುರ-ಅತ್ರೌಲಿ ಕಲಿತರು. ವಚನವನ್ನೂ ಖಯಾಲ್‌ನಷ್ಟೇ ಜೀವ ಕೊಟ್ಟು ಹಾಡಿದರು. ಕಛೇರಿಯ ಕೊನೆಗೆ ವಚನ ಶುರುವಾದ ಕೂಡಲೇ "ಇನ್ನೇನು ಮುಗೀತು" ಅಂತ ಚಪ್ಪಲಿ ಹುಡುಕುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಇನ್ನು ಗಂಗೂಬಾಯಿ ಅವರನ್ನು ಗಾನೇವಾಲಿ, ಅಂದರೆ ಬರೀ ಹಾಡುವವಳು, ಅಂತ ಹಂಗಿಸಿದ್ದೂ ಇದೇ ನಾಡಿನ ಜನ. ನಾವು ಇವತ್ತು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗೀತ ಎಷ್ಟು ತಾತ್ಸಾರ ದಾಟಿ ಬಂದಿದೆ ಅಂತ ಗೊತ್ತಿದ್ದೂ, ಬಾಗಿಲಲ್ಲಿ ನಿಂತ ಇನ್ನೊಬ್ಬರನ್ನು ಹಾಗೆ ನೋಡಲು ಮನಸ್ಸಾದರೂ ಹೇಗೆ ಬರುತ್ತದೆ?

ಹೋದ ತಿಂಗಳು ಕಾಕಾ ಬೈಠಕ್‌ಗೆ ಬಂದಿದ್ದರು. ಭೀಮಪಲಾಸವನ್ನೇ ಹಾಕಿದೆ, ಬೇಕಂತಲೇ. ಹಾಡು ಮುಗಿದ ಮೇಲೆ, ಆವತ್ತು ಹಾಗೆ ಅಂದದ್ದು ನನ್ನ ತಪ್ಪು ಅಂತ ಎಲ್ಲರ ಮುಂದೆ ಹೇಳಿ, ತತ್ವಪದ ನುಡಿಸಿ ಅಂತ ಕೇಳಿಕೊಂಡೆ. ಅವರು ನುಡಿಸಿದರು, ಅಕ್ಕಂದಿರು ಹಿಂದೆ ಹಾಡಿದರು, ಭಾಯಿ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಚಹಾ ಕುಡಿಯುತ್ತಾ ಕಾಕಾ ಮೆಲ್ಲಗೆ ಕೇಳಿದರು, "ಯವ್ವಾ, ಅದ್ರ ಹೆಸರು ಏನಂದಿ?" ಹೇಳಿದೆ. "ಭೀಮಪಲಾಸ" ಅಂತ ಎರಡು ಸಲ ಅಂದುಕೊಂಡರು. "ಊರಾಗ ಹುಡುಗ್ರಿಗಿ ಹೇಳ್ಬೇಕು, ಒಂದು ಹಾಳ್ಯಾಗ ಬರ್ಕೊಡು." ಬರೆದು ಕೊಟ್ಟೆ. ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.