ದೊಡ್ಡ ಮಷಿನ್ ಆಫ್ ಆದ ದಿನ

ಮಾಲ್ಡೀವ್ಸ್ ಅಂದರೆ ನಮ್ಮ ಕಡೆ ಹನಿಮೂನು, ನೀಲಿ ನೀರು. ನಾನು ಅಲ್ಲಿ ಹೆಚ್ಚಾಗಿ ನೋಡಿದ್ದು ಪವರ್‌ಹೌಸು! ಸೋಲಾರ್ ಹಾಕೋಕೆ ಹೋಗಿದ್ದು ಮೀನುಗಾರರ ಒಂದು ಪುಟ್ಟ ದ್ವೀಪಕ್ಕೆ. ಆ ದೇಶದ ಬಹುತೇಕ ದ್ವೀಪಗಳ ನಡುವೆ ಕರೆಂಟ್ ಲೈನ್ ಇಲ್ಲ. ಪ್ರತಿ ದ್ವೀಪಕ್ಕೂ ಅದರದೇ ಜನರೇಟರ್, ಡೀಸೆಲ್ ಸಮುದ್ರದ ಮೇಲೇ ಬರಬೇಕು.

2009ರಲ್ಲಿ ಅಧ್ಯಕ್ಷ ನಶೀದ್ ಸಂಪುಟ ಸಭೆಯನ್ನೇ ನೀರಿನಡಿ ನಡೆಸಿದ್ದು ನೆನಪಿರಬಹುದು. ಹತ್ತು ವರ್ಷದಲ್ಲಿ ಕಾರ್ಬನ್ ನ್ಯೂಟ್ರಲ್ ಆಗ್ತೀವಿ, ಅಂದರೆ ಗಾಳಿಗೆ ಸೇರಿಸುವ ಇಂಗಾಲದ ನಿವ್ವಳ ಲೆಕ್ಕ ಸೊನ್ನೆ ಮಾಡ್ತೀವಿ ಅಂತಲೂ ಆ ವರ್ಷವೇ ಹೇಳಿದ್ದರು. ಆಗಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗಿದ್ದು ಪವರ್‌ಹೌಸಿನಲ್ಲಿ.

ಖಾಲಿ ಜಾಗ ಇಲ್ಲದ್ದರಿಂದ ಶಾಲೆಯ ಮಾಡಿನ ಮೇಲೆ ಪ್ಯಾನೆಲ್ ಕೂರಿಸಿದೆವು. ಮೊದಲ ತಪ್ಪು ನನ್ನದೇ. ಕೆಲವು ಕಡೆ ಮಾಮೂಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಬೋಲ್ಟ್ ಹಾಕಿದ್ದೆ. ಉಪ್ಪುಗಾಳಿಗೆ ಕೆಲವೇ ತಿಂಗಳಲ್ಲಿ ಕೆಂಪು ನೀರು ಇಳಿಯತೊಡಗಿತು. ಎಲ್ಲ ಬಿಚ್ಚಿ ಉಪ್ಪಿಗೆ ಸುಲಭಕ್ಕೆ ತುಕ್ಕು ಹಿಡಿಯದ 316 ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿದೆ, ಅಲ್ಯೂಮಿನಿಯಂ ಫ್ರೇಮಿಗೆ ತಾಗದಂತೆ ನಡುವೆ ನೈಲಾನ್ ವಾಷರ್ ಕೊಟ್ಟೆ.

ಆಮೇಲೆ ನಿಜವಾದ ಪೆಟ್ಟು. ಪ್ಯಾನೆಲ್ ಚೆನ್ನಾಗೇ ಓಡುತ್ತಿದೆ, ಆದರೆ ಡೀಸೆಲ್ ಅಂದುಕೊಂಡಷ್ಟು ಉಳಿಯುತ್ತಿಲ್ಲ! ಪವರ್‌ಹೌಸಿನ ಆಪರೇಟರನ್ನು ಎಲ್ಲರೂ ಬೇಬೇ ಅಂತಿದ್ದರು, ಅಲ್ಲಿನ ದಿವೇಹಿ ಭಾಷೆಯಲ್ಲಿ ಅಣ್ಣ ಅಂತ. ಅವರು ಚಿಮಣಿ ತೋರಿಸಿದರು. ಕಪ್ಪು ಹೊಗೆ, ಎಣ್ಣೆ ಜಿನುಗಿದ ಗುರುತು. ಜನರೇಟರ್ ಮೇಲಿನ ಲೋಡ್ ಅದರ ಸಾಮರ್ಥ್ಯದ ಸುಮಾರು ಶೇ. 30ಕ್ಕಿಂತ ಕೆಳಗೆ ಇಳಿದು ಹಾಗೇ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಎಂಜಿನ್ ಹಾಳು. ಸೋಲಾರ್ ಜಾಸ್ತಿ ಆದಷ್ಟೂ ದೊಡ್ಡ ಮಷಿನ್, ಅಂದರೆ ದೊಡ್ಡ ಜನರೇಟರ್, ಸುಮ್ನೆ ಹೊಗೆ ಉಗುಳುತ್ತಿತ್ತು.

'ಹಗಲು ಸಣ್ಣ ಜನರೇಟರನ್ನು ಓಡಿಸಿ' ಅಂದೆ. 'ಮೋಡ ಬಂದರೆ?' ಅಂದರು. ಸರಿಯಾದ ಪ್ರಶ್ನೆ ಅಲ್ವಾ? ಅಲ್ಲಿ ಮೋಡ ಸೆಕೆಂಡುಗಳಲ್ಲಿ ಬರುತ್ತೆ. ದೊಡ್ಡದು ಸ್ಟಾರ್ಟ್ ಆಗಿ ಲೋಡ್ ಹಿಡಿಯುವವರೆಗೆ ಯಾರಾದರೂ ಊರನ್ನು ಹೊರಬೇಕಲ್ಲ. ಅದಕ್ಕೆ ಬ್ಯಾಟರಿ ಬೇಕಾಯಿತು, ಇಡೀ ರಾತ್ರಿಗಲ್ಲ, ಕೆಲವು ನಿಮಿಷಗಳಿಗೆ. ಐಸ್ ಮಷಿನ್ ಓಡಿಸುವ ಹೊತ್ತನ್ನೂ ಬಿಸಿಲು ಇರುವ ಮಧ್ಯಾಹ್ನಕ್ಕೆ ತಂದೆವು.

ಪ್ರವಾಸಿಗರಿಂದ ವಸೂಲಾಗುವ ಗ್ರೀನ್ ಟ್ಯಾಕ್ಸ್ ರೆಸಾರ್ಟುಗಳಲ್ಲಿ 2025ರಿಂದ ದಿನಕ್ಕೆ 12 ಡಾಲರ್. ನನ್ನನ್ನು ಕೇಳಿದರೆ ಅದರಲ್ಲಿ ಒಂದು ಪಾಲು ಬೇಬೇಯಂಥವರ ತರಬೇತಿಗೆ ಹೋಗಬೇಕು.

ಮೊದಲ ವಾರ ಅವರು ಕೈ ಸ್ವಿಚ್ಚಿನ ಮೇಲೇ ಇಟ್ಟು ಆಕಾಶ ನೋಡುತ್ತಿದ್ದರು. ಒಂದು ದಿನ ಲಾಗ್‌ಬುಕ್ ತಂದು ನನ್ನ ಮುಂದಿಟ್ಟರು. ದೊಡ್ಡ ಮಷಿನ್: ಆಫ್ 9:40, ಆನ್ 3:15. ಕೆಳಗೆ ಎರಡು ಗೆರೆ ಎಳೆದಿದ್ದರು.